ಮಂಜಾದದ್ದು ಕಣ್ಣಲ್ಲ, ಪರದೆ

ಪಿಯುಸಿ ಓದುವ ಮಗಳಿಗೆ ಅಕ್ಷರ ದೊಡ್ಡದಾಗಿ ಕಾಣಲೆಂದು ಅಪ್ಪ ಕಂಪ್ಯೂಟರಿನ ರೆಸಲ್ಯೂಷನ್ ಇಳಿಸಿಟ್ಟರು. ಅಕ್ಷರವೇನೋ ದೊಡ್ಡದಾಯಿತು, ಆದರೆ ಒತ್ತಕ್ಷರಗಳೆಲ್ಲ ನೀರು ಬಿದ್ದ ಶಾಯಿಯಂತೆ ಕದಡಿದವು. ಮಗಳು ಕಣ್ಣು ಕಿರಿದು ಮಾಡಿಕೊಂಡು ಓದತೊಡಗಿದಳು. ಗಾಬರಿಯಾದ ಅಮ್ಮ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದರು. ಕಣ್ಣಿಗೇನೂ ಆಗಿರಲಿಲ್ಲ.

ತಪ್ಪಿದ್ದದ್ದು ಲೆಕ್ಕದಲ್ಲಿ. ಆ ಎಲ್‌ಸಿಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿಗಳು. ರಂಗೋಲಿಗೆ ಇಟ್ಟ ಚುಕ್ಕಿಯಂತಲ್ಲ, ಕಾರ್ಖಾನೆಯಲ್ಲೇ ಕೂರಿಸಿದ ಇವನ್ನು ಅಳಿಸಿ ಮತ್ತೆ ಇಡಲಾಗದು. ಅಪ್ಪ ಆರಿಸಿದ್ದು 1280, 720. ಅಂದರೆ ಚಿತ್ರದ ಒಂದು ಚುಕ್ಕಿ ಪರದೆಯ ಒಂದೂವರೆ ಚುಕ್ಕಿಯಗಲ ಹರಡಬೇಕು. ಅರ್ಧ ಚುಕ್ಕಿ ಎಂಬುದುಂಟೆ? ನೆರೆಯ ಚುಕ್ಕಿಗಳ ಬಣ್ಣ ಬೆರೆಸಿ ಯಂತ್ರ ಹೇಗೋ ಸರಿದೂಗಿಸುತ್ತದೆ. ಸಿನಿಮಾದಲ್ಲಿ ಇದು ಅಷ್ಟಾಗಿ ತಿಳಿಯದು. ಅಕ್ಷರದಲ್ಲಿ, ಅದರಲ್ಲೂ ಕನ್ನಡದ ಒತ್ತುಗಳಲ್ಲಿ, ಎದ್ದು ಕಾಣುತ್ತದೆ.

ಹಳೆಯ ಪಿಕ್ಚರ್ ಟ್ಯೂಬಿನ ಮಾನಿಟರಿಗೆ ಈ ಕಾಟ ಇಷ್ಟಿರಲಿಲ್ಲ. ಅದರ ಎಲೆಕ್ಟ್ರಾನ್ ಕಿರಣ ಹೇಳಿದಷ್ಟು ಗೆರೆ ಎಳೆಯುತ್ತಿತ್ತು. ಅಪ್ಪ ಕಂಪ್ಯೂಟರ್ ಕಲಿತದ್ದು ಅಂಥದರ ಮೇಲೆ, ಪಾಪ.

ರೆಸಲ್ಯೂಷನ್ ಮೊದಲಿನಂತೆ 1920, 1080ಕ್ಕೇ ಇಟ್ಟು, ಸೆಟ್ಟಿಂಗ್ಸ್‌ನಲ್ಲಿ 'ಸ್ಕೇಲ್' ಮಾತ್ರ ಶೇಕಡ 125ಕ್ಕೆ ಏರಿಸಿದಾಗ ಅಕ್ಷರ ದೊಡ್ಡದೂ ಆಯಿತು, ಸ್ಪಷ್ಟವೂ ಆಯಿತು. ಡಾಕ್ಟರ ಫೀಸು ಮಾತ್ರ ವಾಪಸು ಬರಲಿಲ್ಲ.