ನೋರಿ ಅರಗಿಸುವವರು ಯಾರು?

ಟೋಕಿಯೋದ ಮನೆಯೊಂದರಲ್ಲಿ ಬೆಳಗಿನ ಊಟ. ಬಿಸಿ ಅನ್ನವನ್ನು ಕಡಲಪಾಚಿಯ ಕಪ್ಪುಹಸಿರು ಹಾಳೆ ನೋರಿಯಲ್ಲಿ ಸುತ್ತಿದ ತುತ್ತು ಬಾಯಿ ಸೇರಿದೆ. ಮೊದಲು ಕರುಂ ಎಂದ ಹಾಳೆ, ಜೊಲ್ಲು ತಾಗಿದ್ದೇ ಮೆತ್ತಗಾಗಿ ಅಂಗುಳಕ್ಕೆ ಅಂಟಿಕೊಂಡಿತು. ಬನ್ನಿ, ಅದರ ಜೊತೆಗೇ ಕೆಳಗಿಳಿಯೋಣ.

ಅನ್ನದ ಕೆಲಸ ಬಾಯಲ್ಲೇ ಶುರುವಾಗಿದೆ. ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಒಡೆಯುತ್ತಿದೆ. ನೋರಿಯ ಪೋರ್ಫಿರಾನ್ ಮಾತ್ರ ಅದಕ್ಕೆ ಬಗ್ಗುವುದಿಲ್ಲ. ಇದು ನೋರಿ ಮಾಡುವ ಕೆಂಪು ಪಾಚಿಯ ಕೋಶಭಿತ್ತಿಯ ವಸ್ತು. ಗ್ಯಾಲಕ್ಟೋಸ್ ಸಕ್ಕರೆಯ ಉದ್ದನೆಯ ಸರಪಳಿ, ಮೈಮೇಲೆಲ್ಲ ಸಲ್ಫೇಟ್. ಜಠರದ ಆಮ್ಲ ದಾಟಿತು, ಸಣ್ಣ ಕರುಳೂ ಮುಗಿಯಿತು. ಅನ್ನದ ಸಕ್ಕರೆ ರಕ್ತ ಸೇರಿದೆ. ಪೋರ್ಫಿರಾನ್ ಇದ್ದ ಹಾಗೇ ಉಳಿದಿದೆ.

ಈಗ ದೊಡ್ಡ ಕರುಳು. ಗವ್ವೆನ್ನುವ ಕತ್ತಲು, 37 ಡಿಗ್ರಿ ಸೆಲ್ಸಿಯಸ್ ಬಿಸಿ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಎಣಿಕೆಗೆ ಸಿಗದಷ್ಟು ಬ್ಯಾಕ್ಟೀರಿಯಾಗಳ ಸಂತೆ ಇಲ್ಲಿ. ಹೆಚ್ಚಿನವಕ್ಕೆ ನಮ್ಮ ಸರಪಳಿ ಬೇಕಿಲ್ಲ. ಅಗೋ, ಒಂದು ಹತ್ತಿರ ಬಂತು: ಬ್ಯಾಕ್ಟೀರಾಯ್ಡಿಸ್ ಪ್ಲೀಬಿಯಸ್. ಅದರ ಪೋರ್ಫಿರನೇಸ್ ಕಿಣ್ವದ ಮೈಯಲ್ಲೊಂದು ಸೀಳು. ಸರಪಳಿ ಅದರೊಳಗೆ ಸರಿದು ಕೂರುತ್ತದೆ. ಕಿಣ್ವ ಕೊನೆಯಿಂದ ಕಚ್ಚುವುದಿಲ್ಲ, ನಡುವಿನ ಕೊಂಡಿಗೇ ಕೈ ಹಾಕುತ್ತದೆ. ನೀರಿನ ಒಂದು ಅಣು ಸೇರಿತು, ಕೊಂಡಿ ಕಳಚಿತು. ತುಂಡುಗಳನ್ನು ಬ್ಯಾಕ್ಟೀರಿಯಾ ಒಳಕ್ಕೆಳೆದುಕೊಂಡು ಉಣ್ಣುತ್ತದೆ.

ಈ ವಿದ್ಯೆ ಅದಕ್ಕೆ ಬಂದದ್ದೆಲ್ಲಿಂದ? ನೋಡಬೇಕಾದರೆ ಫ್ರಾನ್ಸಿನ ಬ್ರಿಟನಿ ಕರಾವಳಿಗೆ, ರೋಸ್ಕಾಫ್‌ನ ಸಾಗರ ಜೀವವಿಜ್ಞಾನ ಕೇಂದ್ರಕ್ಕೆ ಹೋಗಬೇಕು. ಸಂಶೋಧಕ ಯಾನ್-ಹೆಂಡ್ರಿಕ್ ಹೆಹೆಮಾನ್ ಮತ್ತು ಸಂಗಡಿಗರ ಮುಂದೆ ಇರುವುದು ಜೊಬೆಲಿಯಾ ಎಂಬ ಕಡಲ ಬ್ಯಾಕ್ಟೀರಿಯಾ. ಪೋರ್ಫಿರಾನ್ ಒಡೆಯುವ ಕಿಣ್ವ ಅದರಲ್ಲಿ ಸಿಕ್ಕಿತು. ಅಂಥದೇ ಜೀನ್ ಬೇರೆಲ್ಲಿದೆ ಎಂದು ಹುಡುಕಿದರೆ ಸಿಕ್ಕವೆಲ್ಲ ಕಡಲಿನವೇ, ಒಂದನ್ನು ಬಿಟ್ಟು. ಅದೇ ನಮ್ಮ ಪ್ಲೀಬಿಯಸ್, ಜಪಾನೀಯರ ಕರುಳಿನದು. 13 ಜಪಾನೀಯರ ಮತ್ತು 18 ಉತ್ತರ ಅಮೆರಿಕನ್ನರ ಕರುಳಿನ ಜೀನ್ ಮಾಹಿತಿಯನ್ನು ಜಾಲಾಡಿದಾಗ ಪೋರ್ಫಿರನೇಸ್ ಕಂಡದ್ದು ಜಪಾನೀಯರಲ್ಲಿ ಮಾತ್ರ. 2010ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು.

ಜಪಾನಿನಲ್ಲಿ 8ನೇ ಶತಮಾನದಲ್ಲೇ ಕಡಲಪಾಚಿಯನ್ನು ತೆರಿಗೆಯಾಗಿ ಕಟ್ಟುತ್ತಿದ್ದರು. ಹಸಿ ಪಾಚಿಯ ಮೈಗಂಟಿದ ಕಡಲ ಬ್ಯಾಕ್ಟೀರಿಯಾ ತಲೆಮಾರುಗಟ್ಟಲೆ ಹೊಟ್ಟೆಗೆ ಇಳಿದಿರಬೇಕು. ಅವುಗಳ ಜೀನ್ ಯಾವಾಗಲೋ ಕರುಳಿನ ನಿವಾಸಿಗೆ ದಾಟಿತು ಎಂಬುದು ಸಂಶೋಧಕರ ತರ್ಕ. ಈಗಿನ ನೋರಿ ಹುರಿದದ್ದು, ಅಂಥ ಪ್ರಯಾಣಿಕರು ಅದರ ಮೇಲೆ ಉಳಿಯುವುದು ಕಷ್ಟ. ಆದರೂ ವಿದ್ಯೆ ಕೈಬಿಟ್ಟಿಲ್ಲ. ಆ 13 ಜನರಲ್ಲಿ ಎದೆಹಾಲು ಬಿಡದ ಒಂದು ಹೆಣ್ಣುಮಗುವೂ ಇತ್ತು. ಅದರ ಕರುಳಿನಲ್ಲಿ ಪೋರ್ಫಿರನೇಸ್ ಜೀನ್ ಆಗಲೇ ಬಂದು ಕೂತಿತ್ತು, ತಾಯಿಯ ಕರುಳಿನಲ್ಲಿದ್ದ ಹಾಗೆಯೇ.