ನೀಲಿ ಕೋಟಿನ ವಕೀಲ

ಮಗಳ ಬಾಣಂತನಕ್ಕೆಂದು ವೈಟ್‌ಫೀಲ್ಡಿಗೆ ಹೋದವಳು ವಕೀಲಿಕೆ ಕಲಿತು ಬಂದೆ ಎಂದರೆ ನೀವು ನಗುತ್ತೀರಿ. ಮಗಳು ತವರಿಗೆ ಬರುವುದು ಹಿಂದಿನ ಪದ್ಧತಿ. ಈಗ ತವರೇ ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಬಾಣಂತಿ ಖಾರ, ಅಂಟಿನುಂಡೆಯ ಡಬ್ಬಿ ಹೊತ್ತು ಮಗಳ ಮನೆಗೆ ಹೋಗುತ್ತದೆ. ಮೊಮ್ಮಗಳಿಗೆ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಅವಳ ಜೊತೆ ನಮಗಿಬ್ಬರಿಗೂ ಜಾಗರಣೆ. ಹೊತ್ತು ಹೋಗಲೆಂದು ಮಗಳು ಅಳಿಯಂದಿರ ನಿಂಟೆಂಡೊ ಸ್ವಿಚ್ಚನ್ನು ಟಿ.ವಿ.ಗೆ ಜೋಡಿಸಿದಳು.

"ಹೆದರಬೇಡಮ್ಮ, ಇದರಲ್ಲಿ ಗುಂಡು ಹಾರಿಸೋದಿಲ್ಲ. ಬರೀ ಕೋರ್ಟು."

ಆಟದ ಹೆಸರು ‘ಏಸ್ ಅಟಾರ್ನಿ’. ಜಪಾನಿನ ಕ್ಯಾಪ್ಕಾಮ್ ಕಂಪನಿಯದು, ಬರೆದವರು ಶು ತಕುಮಿ. ಮೊದಲನೆಯದು 2001ರಲ್ಲಿ ಅಲ್ಲಿ ಬಂತು, ಎರಡನೆಯದು ಮರುವರ್ಷವೇ. ಮಗಳ ಬಳಿ ಇದ್ದದ್ದು ಮೂರು ಆಟಗಳನ್ನು ಸೇರಿಸಿ 2019ರಲ್ಲಿ ಇಂಗ್ಲಿಷಿನಲ್ಲಿ ಬಿಟ್ಟ ಕಟ್ಟು. ಅವಳು ಓದಿ ಕನ್ನಡದಲ್ಲಿ ಹೇಳುವಳು, ನಾನು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೇಳುವವಳು.

ನಾಯಕ ಫೀನಿಕ್ಸ್ ರೈಟ್. ನಮ್ಮ ವಕೀಲರ ಕರಿಕೋಟಲ್ಲ, ನೀಲಿ ಕೋಟು. ಸಾಕ್ಷಿ ಹೇಳಿದ್ದನ್ನು ಒಂದೊಂದೇ ವಾಕ್ಯವಾಗಿ ಕೆದಕಬೇಕು. ಎಲ್ಲಿ ಸುಳ್ಳಿದೆಯೋ ಅಲ್ಲಿ ಸರಿಯಾದ ದಾಖಲೆ ತೋರಿಸಿ "ಅಬ್ಜೆಕ್ಷನ್!" ಎನ್ನಬೇಕು. ಮೊದಲ ಮೊಕದ್ದಮೆಯ ಸಾಕ್ಷಿ, ಟಿ.ವಿ.ಯಲ್ಲಿ ಮಧ್ಯಾಹ್ನ ಒಂದು ಗಂಟೆ ಅಂದದ್ದು ಕೇಳಿಸಿತು ಎಂದ. ಆ ಹೊತ್ತಿನಲ್ಲಿ ಆ ಕಟ್ಟಡಕ್ಕೆ ಕರೆಂಟೇ ಇರಲಿಲ್ಲ! ಲೋಡ್ ಶೆಡ್ಡಿಂಗಿನ ನಡುವೆಯೇ ಪೀಣ್ಯದಲ್ಲಿ ಸಂಸಾರ ಮಾಡಿದವಳಿಗೆ ಇದನ್ನು ಹೇಳಿಕೊಡಬೇಕೆ? ಮಗಳಿಗಿಂತ ಮುಂಚೆ ನಾನೇ ಕೂಗಿದೆ. ಮಗು ಬೆಚ್ಚಿಬಿದ್ದಿತು.

ಫೀನಿಕ್ಸನ ಸಹಾಯಕಿ ಮಾಯಾ. ಹೆಸರು ನಮ್ಮದರಂತಿದೆ, ಅವಳ ಕಸುಬು ಇನ್ನೂ ನಮ್ಮದು. ತೀರಿಹೋದ ಅಕ್ಕ ಅವಳ ಮೈಮೇಲೆ ಬಂದು ದಾರಿ ತೋರಿಸುತ್ತಾಳೆ. ನಾಲ್ಕನೆಯ ಮೊಕದ್ದಮೆಯಲ್ಲಿ ಒಂದು ಗಿಣಿಗೂ ಪಾಟೀಸವಾಲು ಉಂಟು. ಇಷ್ಟೆಲ್ಲ ಹುಚ್ಚಾಟವಿದ್ದರೂ ಆ ಆಟದ ಸುಖ ಒಂದೇ. ನಮ್ಮ ಕಕ್ಷಿದಾರ ನಿರಪರಾಧಿ, ಕಣ್ಣುಮುಚ್ಚಿ ನಂಬಬಹುದು.

ಈ ಸುಖ ನನಗೆ ಹೊಸದಲ್ಲ. 1996ರಲ್ಲಿ ನಮ್ಮವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಹಿತ್ತಾಳೆ ಸರಕು ಕಾಣೆಯಾಯಿತೆಂದು ಇವರನ್ನು ಸಸ್ಪೆಂಡ್ ಮಾಡಿ, ಚಾರ್ಜ್‌ಶೀಟ್ ಕೊಟ್ಟು, ಎನ್‌ಕ್ವಯರಿ ಇಟ್ಟರು. ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ಮುಕ್ಕಾಲು. ಅದಕ್ಕೆ ‘ಜೀವನಾಧಾರ ಭತ್ಯೆ’ ಎಂದು ಹೆಸರು. ನನ್ನ ಎರಡೆಳೆ ಸರ ಗಿರವಿ ಅಂಗಡಿ ಸೇರಿತು. ಮೊದಲ ರಾತ್ರಿ ನಾನು ಕೇಳಿದ್ದು ಒಂದೇ ಪ್ರಶ್ನೆ, "ನೀವು ತೆಗೆದಿರಾ?" "ಇಲ್ಲ" ಎಂದರು. ಮುಗಿಯಿತು. ಒಂಬತ್ತು ತಿಂಗಳ ಮೇಲೆ, ಇವರ ಮೇಲೆ ಏನೂ ಸಾಬೀತಾಗದೆ, ಕೆಲಸಕ್ಕೆ ವಾಪಸ್ ತೆಗೆದುಕೊಂಡರು. ವಠಾರದಲ್ಲಿ ತಲೆ ಎತ್ತಿ ನೀರು ಹಿಡಿದೆ.

ಎರಡನೆಯ ಆಟ ‘ಜಸ್ಟೀಸ್ ಫಾರ್ ಆಲ್’ ಶುರುವಾದಾಗ ನನಗೆ ಅಷ್ಟಾಗಿ ರುಚಿಸಲಿಲ್ಲ. ತಲೆಗೆ ಪೆಟ್ಟು ಬಿದ್ದು ವಕೀಲನಿಗೇ ಮರೆವು. ನಮ್ಮ ಸಿನಿಮಾದವರು ತಿಕ್ಕಿ ತಿಕ್ಕಿ ಸವೆಸಿದ ಉಪಾಯ. ಎದುರು ಪಕ್ಷಕ್ಕೆ ಫ್ರಾಂಝಿಸ್ಕಾ ಎಂಬ ಹದಿನೆಂಟರ ಹುಡುಗಿ. ಕೈಯಲ್ಲಿ ಚಾವಟಿ, ಯಾರಿಗೆ ಬೇಕಾದರೂ ಬಾರಿಸುತ್ತಾಳೆ. ಮೊದಲ ಆಟದ ಎಜ್‌ವರ್ತನ ತೂಕ ಇವಳಿಗಿಲ್ಲ. ನಡುವಿನ ಸರ್ಕಸ್ ಮೊಕದ್ದಮೆಯಂತೂ ಎಳೆದೂ ಎಳೆದೂ ಮಗುವೇ ನಿದ್ದೆಹೋಯಿತು. ಅಷ್ಟು ಉಪಕಾರ.

ತಪ್ಪಿನ ಲೆಕ್ಕ ಮಾತ್ರ ಇಲ್ಲಿ ಚುರುಕು. ಮೊದಲನೆಯದರಲ್ಲಿ ಐದು ತಪ್ಪಿಗೆ ಸೋಲು. ಎಲ್ಲ ತಪ್ಪಿಗೂ ಒಂದೇ ಬೆಲೆ. ಇಲ್ಲಿ ಒಂದು ಹಸಿರು ಪಟ್ಟಿ. ಒಂದು ಪ್ರಶ್ನೆಗೆ ಚೂರು ಕರಗಿದರೆ ಇನ್ನೊಂದಕ್ಕೆ ಅರ್ಧವೇ ಹೋಗುತ್ತದೆ. ಕೋರ್ಟಿನ ಹೊರಗೆ ಎಡವಿದರೂ ಅದೇ ಪಟ್ಟಿಗೆ ಕತ್ತರಿ. ತಿಂಗಳ ಕೊನೆಯ ವಾರದ ಪರ್ಸು ನೋಡಿದವರಿಗೆ ಅರ್ಥವಾಗುತ್ತದೆ.

ಆದರೆ ಎರಡನೆಯ ಆಟದ ಜೀವ ಇರುವುದು ಮಾಯಾ ಕೊಟ್ಟ ಒಂದು ಹಸಿರು ಮಣಿಯಲ್ಲಿ. ಅದನ್ನು ಇಟ್ಟುಕೊಂಡು ಮಾತಾಡಿಸಿದರೆ, ಏನನ್ನಾದರೂ ಬಚ್ಚಿಟ್ಟವರ ಸುತ್ತ ಸರಪಳಿ, ಬೀಗ ಕಾಣಿಸುತ್ತವೆ. ಕೊನೆಯ ಮೊಕದ್ದಮೆಯಲ್ಲಿ ಮಾಯಾಳನ್ನು ಅಪಹರಿಸಿ, ಮ್ಯಾಟ್ ಎನ್‌ಗಾರ್ಡ್ ಎಂಬ ನಟನನ್ನು ಬಿಡಿಸಿದರೆ ಇವಳು ಬದುಕುತ್ತಾಳೆ ಎನ್ನುತ್ತಾರೆ. (ಆಡುವ ಆಸೆ ಇರುವವರು ಈ ಪ್ಯಾರಾ ಬಿಟ್ಟುಬಿಡಿ.) ಕೊಲೆ ನೀನು ಮಾಡಿದೆಯಾ ಎಂದು ಫೀನಿಕ್ಸ್ ಕೇಳುತ್ತಾನೆ. ಇಲ್ಲ ಎನ್ನುತ್ತಾನೆ ನಟ. ಒಂದು ಬೀಗವೂ ಕಾಣುವುದಿಲ್ಲ. ಅವನು ಹೇಳಿದ್ದು ನಿಜವೇ, ಕೈಯಾರೆ ಮಾಡಿರಲಿಲ್ಲ. ದುಡ್ಡು ಕೊಟ್ಟು ಮಾಡಿಸಿದ್ದ.

ಮಗಳು ಕೈಯಲ್ಲಿದ್ದ ಗುಂಡಿಪೆಟ್ಟಿಗೆ ಕೆಳಗಿಟ್ಟು, "ಪ್ರಶ್ನೆ ತಪ್ಪಾಗಿತ್ತಮ್ಮಾ" ಎಂದಳು. ಗೆಲ್ಲಿಸಿದರೆ ಕೊಲೆಗಡುಕ ಬಿಡುಗಡೆ, ಸೋಲಿಸಿದರೆ ಮಾಯಾಳ ಜೀವ. ಮೊದಲ ಆಟ ಇಂಥ ಜಾಗಕ್ಕೆ ನಮ್ಮನ್ನು ಒಯ್ಯುವುದೇ ಇಲ್ಲ. ಅಚ್ಚುಕಟ್ಟು ಮೊದಲನೆಯದೇ, ನನಗೆ ಅನುಮಾನವಿಲ್ಲ. ಎರಡನೆಯದು ಮುಕ್ಕಾಲು ದಾರಿ ಕುಂಟುತ್ತದೆ. ಆದರೂ ಮುಗಿದ ಮೇಲೆ ನನಗೆ ನಿದ್ದೆ ಕೆಡಿಸಿದ್ದು ಎರಡನೆಯದು.

ಭಾನುವಾರ ನಮ್ಮವರು ಮೊಮ್ಮಗಳನ್ನು ನೋಡಲು ಬಂದರು. ಮಗಳು ಒಳಗೆ ಮಲಗಿದ್ದಳು. ಕಾಫಿ ಕೊಟ್ಟು ಎದುರಿಗೆ ಕೂತೆ.

"ರೀ, ಆ ಹಿತ್ತಾಳೆ ಯಾರು ತೆಗೆದರು ಅಂತ ನಿಮಗೆ ಗೊತ್ತಿತ್ತಾ?"

ಇಷ್ಟು ವರ್ಷದ ಮೇಲೆ ಏನೇ ಇದು ಎನ್ನುತ್ತಾರೆಂದುಕೊಂಡಿದ್ದೆ. ಅನ್ನಲಿಲ್ಲ. ಲೋಟ ತಿರುಗಿಸುತ್ತ ಕೂತರು.

"ಗೊತ್ತಿತ್ತು. ಅವನಿಗೆ ಮೂರು ಹೆಣ್ಣುಮಕ್ಕಳು. ಕೆಲಸ ಹೋಗಿದ್ದರೆ..."

"ನಮಗೂ ಒಂದಿತ್ತು" ಎಂದೆ.

"ನೀನು ಕೇಳಲಿಲ್ಲ."

ಅದೂ ಸುಳ್ಳಲ್ಲ. ಒಂಬತ್ತು ತಿಂಗಳು, ಎರಡೆಳೆ ಸರ, ರೇಷನ್ ಅಂಗಡಿಯ ಸಾಲಿನಲ್ಲಿ ಹಿಂದಿನಿಂದ ಕೇಳಿಸಿದ ಮಾತುಗಳು. ಎಲ್ಲವನ್ನೂ ಅವರ ಮುಂದೆ ಹರವಬೇಕೆನ್ನಿಸಿತು. ಅಷ್ಟರಲ್ಲಿ ಮಗು ಅತ್ತಿತು. ಇಬ್ಬರೂ ಒಟ್ಟಿಗೇ ಎದ್ದೆವು. ತೊಟ್ಟಿಲ ಹತ್ತಿರ ಅವರೇ ಮೊದಲು ತಲುಪಿದರು.

ರಾತ್ರಿ ಮಗಳು ಮೂರನೆಯ ಆಟ ಹಾಕಲಾ ಎಂದಳು. ನಾಳೆ ನೋಡೋಣ ಎಂದೆ.