ಚಿರತೆ, ಮರಿಗಳು ಮತ್ತು ನಮ್ಮ ಕ್ಯಾಮೆರಾ

ದುಬೈನ ಇಂಟರ್‌ನ್ಯಾಷನಲ್ ಸಿಟಿಗೆ ಚಿರತೆ ಎಲ್ಲಿಂದ ಬರಬೇಕು ಅಂತ ನೀವು ನಗಬಹುದು. ಇಲ್ಲಿನ ಕಟ್ಟಡಗಳ ಗುಂಪುಗಳಿಗೆ ಚೀನಾ, ಪರ್ಷಿಯಾ, ಇಂಗ್ಲೆಂಡ್ ಅಂತ ದೇಶದೇಶಗಳ ಹೆಸರಿದೆ, ಪಕ್ಕದಲ್ಲೇ ಡ್ರ್ಯಾಗನ್ ಮಾರ್ಟ್ ಇದೆ, ಕಾಡು ಮಾತ್ರ ಇಲ್ಲ. ಅರೇಬಿಯನ್ ಚಿರತೆ ಒಂದು ಕಾಲಕ್ಕೆ ಈ ಸೀಮೆಯ ಬೆಟ್ಟಗಳಲ್ಲೂ ಇತ್ತು. ಈಗ ಅದನ್ನು ಕಾಡಿನಲ್ಲಿ ನೋಡಬೇಕಾದರೆ ಒಮಾನ್‌ನ ಧೋಫಾರ್ ಬೆಟ್ಟಗಳ ಕಡೆಗೋ ಯೆಮೆನ್ ಕಡೆಗೋ ಹೋಗಬೇಕು. ಅಲ್ಲೂ ಉಳಿದಿರುವುದು ತೀರಾ ಕಡಿಮೆ. ನಮ್ಮ ರಾಜ್ಯದಲ್ಲಾದರೆ 2022ರ ಅಂದಾಜಿನಂತೆ 1,879 ಚಿರತೆಗಳಿವೆ. ಹಾಗಾಗಿ ರಜೆಗೆ ಊರಿಗೆ ಹೋದಾಗ ನಾವು ಮೂವರು ರೂಮ್‌ಮೇಟ್‌ಗಳು ಕಬಿನಿಗೆ ಹೋಗೋದು ಅಂತ ತೀರ್ಮಾನವಾಯಿತು.

ಅಭ್ಯಾಸ ಮಾತ್ರ ಇಲ್ಲೇ ಆಯಿತು, ಬೆಕ್ಕುಗಳ ಮೇಲೆ! ನಮ್ಮ ಕಟ್ಟಡದ ಹಿಂದೆ ನಿಲ್ಲಿಸಿದ ಕಾರುಗಳ ಕೆಳಗೆ ಒಂದು ಬೆಕ್ಕು ಮರಿ ಹಾಕಿತ್ತು. ಸೂರ್ಯ ಮುಳುಗಿದ ಮೇಲೆ ಫ್ಲ್ಯಾಶ್ ಇಲ್ಲದೆ ಅದರ ಫೋಟೋ ತೆಗೆಯೋದು ನಮ್ಮ ದಿನಚರಿ. ಐಎಸ್‌ಒ 3200, 6400ಕ್ಕೆ ಏರಿಸಬೇಕು, ಲೆನ್ಸ್ ಪೂರ್ತಿ ತೆರೆದಿರಬೇಕು, ಫೋಕಸ್ ಕಣ್ಣಿನ ಮೇಲೇ ಇರಬೇಕು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಸಂಜೆಯನ್ನೂ ಮಧ್ಯಾಹ್ನ ಮಾಡಿಬಿಡುತ್ತದೆ, ಆದ್ದರಿಂದ ಎಕ್ಸ್‌ಪೋಷರ್ ಒಂದು ಸ್ಟಾಪ್ ಕೆಳಗೆ. ಇನ್ನೊಂದು ಸಂಗತಿಯನ್ನೂ ಆ ಬೆಕ್ಕು ಕಲಿಸಿತು. ಜನ ಜಾಸ್ತಿ ಸೇರಿದ ದಿನ ಅದು ಮರಿಗಳನ್ನು ಕತ್ತು ಕಚ್ಚಿ ಎತ್ತಿಕೊಂಡು ಬೇರೆ ಜಾಗಕ್ಕೆ ಹೋಗಿಬಿಡುತ್ತಿತ್ತು. ತಾಯಿ ಚಿರತೆಯೂ ಹಾಗೇ.

ಕಬಿನಿಯಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು. ಸಂಜೆ ಸಫಾರಿ ಮುಗಿಯುವ ಹೊತ್ತಿಗೆ ದಾರಿಯ ಅಂಚಿನಲ್ಲಿ ತಾಯಿ, ಹಿಂದಿನ ಲಂಟಾನ ಪೊದೆಯಲ್ಲಿ ಎರಡು ಮರಿ. ಮರಿಗಳ ಮೈಬಣ್ಣ ಮಂಕು, ಚುಕ್ಕೆ ಇನ್ನೂ ಬಿಡಿಸಿಕೊಂಡಿರಲಿಲ್ಲ, ಪೊದೆಯ ನೆರಳು ಯಾವುದು ಮರಿ ಯಾವುದು ಗೊತ್ತಾಗುತ್ತಿರಲಿಲ್ಲ. ಡ್ರೈವರ್ ಅಣ್ಣ ಎಂಜಿನ್ ಆಫ್ ಮಾಡಿ, “ಸಾರ್, ಮಾತಾಡ್ಬೇಡಿ. ಅವಳು ಮೊದ್ಲು ದಾಟ್ತಾಳೆ, ಆಮೇಲೆ ಮರಿ ಕರೀತಾಳೆ” ಅಂದರು. ಹಿಂದಿನ ಜೀಪಿನವರಿಗೂ ಮುಂದೆ ಬರಬೇಡಿ ಅಂತ ಕೈ ತೋರಿಸಿದರು. ಜಾಗ ಮುಚ್ಚಿಹೋದರೆ ತಾಯಿ ಒಂದು ಕಡೆ, ಮರಿ ಒಂದು ಕಡೆ ಆಗುತ್ತವೆ. ಅವಳು ದಾಟಿದಳು. ಬಾಲ ಮೇಲೆತ್ತಿದಾಗ ತುದಿಯ ಕೆಳಗಿನ ಬಿಳಿ ಬಣ್ಣ ಆ ಮಬ್ಬಿನಲ್ಲೂ ಕಾಣಿಸಿತು. ಮರಿಗಳು ಹಿಂಬಾಲಿಸಲಿ ಅಂತಲೇ ಆ ಬಿಳಿ ಎನ್ನುತ್ತಾರೆ. ಮರಿಗಳೂ ಓಡಿದವು. ಶಟರ್ 1/40 ಸೆಕೆಂಡ್. ತಾಯಿಯ ಮುಖ ಸ್ಪಷ್ಟ, ಮರಿಗಳು ಎರಡು ಮಸುಕು ಗೆರೆ. ನಮಗೆ ಅದೇ ಚಿತ್ರ ಇಷ್ಟ, ಯಾಕಂದ್ರೆ ಅದರಲ್ಲಿ ಮೂವರೂ ಒಟ್ಟಿಗೆ ಇದ್ದಾರೆ.

ಇದನ್ನು ಬರೆಯಲು ಕಾರಣವಾದದ್ದು ಇನ್ನೊಂದು ಥರದ ಫೋಟೋ. ಮಂಡ್ಯ, ಮೈಸೂರು ಕಡೆ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಗುವುದುಂಟು. ಯಾರೋ ಎತ್ತಿಕೊಂಡು ಸೆಲ್ಫಿ ತೆಗೆಯುತ್ತಾರೆ, ಅದು ನಮ್ಮ ವಾಟ್ಸಾಪ್ ಗುಂಪಿಗೂ ಬರುತ್ತದೆ, ನಾವೆಲ್ಲ ಹೃದಯದ ಚಿಹ್ನೆ ಒತ್ತುತ್ತೇವೆ. ಸಾಮಾನ್ಯವಾಗಿ ಆ ಮರಿ ಅನಾಥವಲ್ಲ. ತಾಯಿ ಬೇಟೆಗೆ ಹೋಗಿರುತ್ತಾಳೆ, ಇಲ್ಲವೇ ಜನರ ಗದ್ದಲಕ್ಕೆ ದೂರದಲ್ಲಿ ಅವಿತಿರುತ್ತಾಳೆ. ಮರಿಯನ್ನು ಊರೊಳಗೆ ಒಯ್ದರೆ ಅವಳು ಹುಡುಕಿಕೊಂಡು ಊರಿನ ಹತ್ತಿರವೇ ಸುತ್ತಬಹುದು, ಜನರಿಗೂ ಅಪಾಯ. ಅರಣ್ಯ ಇಲಾಖೆಯವರು ಮಾಡುವುದು ಸರಳ ಕೆಲಸ: ಪಶುವೈದ್ಯರು ಪರೀಕ್ಷಿಸಿದ ಮೇಲೆ ಸಂಜೆ ಅದೇ ಜಾಗದಲ್ಲಿ ಮರಿಯನ್ನು ಪೆಟ್ಟಿಗೆಯಲ್ಲಿಟ್ಟು, ಇನ್‌ಫ್ರಾರೆಡ್ ಕ್ಯಾಮೆರಾ ಕಟ್ಟಿ, ದೂರ ಹೋಗಿಬಿಡುತ್ತಾರೆ. ಮಹಾರಾಷ್ಟ್ರದ ಜುನ್ನಾರ್ ಭಾಗದಲ್ಲಿ ಹೀಗೆ ಎಷ್ಟೋ ಮರಿಗಳು ತಾಯಿ ಸೇರಿವೆ. ಕತ್ತಲಲ್ಲಿ ಬಂದು, ಮೂಸಿ, ಬಾಯಲ್ಲಿ ಕಚ್ಚಿಕೊಂಡು ಹೋಗುವ ಆ ಬೂದುಬಣ್ಣದ ಚಿತ್ರಗಳನ್ನು ತೆಗೆಯುವಾಗ ಕ್ಯಾಮೆರಾ ಹಿಂದೆ ಯಾರೂ ಇರುವುದಿಲ್ಲ.

ದೂರದಲ್ಲಿರುವ ನಾವು ಏನು ಮಾಡಬಹುದು? ಅಂಥ ಸೆಲ್ಫಿ ಬಂದಾಗ ಮುಂದೆ ಕಳಿಸುವ ಬದಲು ಕಳಿಸಿದವರಿಗೇ ಒಂದು ಫೋನ್ ಮಾಡಿ: “ಮಾವ, ಮರೀನ ಮುಟ್ಬೇಡಿ, ಜನ ಸೇರಿಸ್ಬೇಡಿ, ಫಾರೆಸ್ಟ್‌ನವರಿಗೆ ಹೇಳಿ, ಕತ್ತಲಾಗೋಕೆ ಮುಂಚೆ ಎಲ್ಲರೂ ಗದ್ದೆ ಬಿಟ್ಟು ಬನ್ನಿ.” ನಮ್ಮ ಊರಿನವರು ನಮ್ಮ ಮಾತು ಕೇಳುತ್ತಾರೆ.